ಗಂಡಸರ ಬೇನಾಮಿ ದುಃಖ

ನಮ್ಮ ಮಾನ್ವಿ ಕಡೆ ಗಂಡಸಿಗೆ ಬರಬಹುದಾದ ಕಾಯಿಲೆ ಮೂರೇ: ಗ್ಯಾಸು, ಬಿಪಿ, ಸೊಂಟ. ಮೂರೂ ಮರ್ಯಾದಸ್ಥ ಕಾಯಿಲೆಗಳು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ ತಿನ್ನುತ್ತಲೇ ನಾಲ್ಕು ಜನರೆದುರು ಜೋರಾಗಿ ಹೇಳಿಕೊಳ್ಳಬಹುದು. ಕೇಳಿದವರು ತಮ್ಮದನ್ನೂ ಹೇಳುತ್ತಾರೆ, ಮೇಲೊಂದು ಕಷಾಯದ ವಿಧಾನ ಹೇಳುತ್ತಾರೆ. ಸಕ್ಕರೆ ಕಾಯಿಲೆಯನ್ನು ಈಚೆಗೆ ನಾಲ್ಕನೆಯದಾಗಿ ಸೇರಿಸಿಕೊಂಡಿದ್ದಾರೆ, ಮೊದಮೊದಲು ಅದು ಸಾವ್ಕಾರ್ರಿಗೇ ಬರುತ್ತಿತ್ತಾದ್ದರಿಂದ. ಇವನ್ನು ಬಿಟ್ಟು ಬೇರೆ ಏನಾದರೂ ಬಂದರೆ ಅದು ಕಾಯಿಲೆಯಲ್ಲ, ಸುದ್ದಿ.

ಹೀಗಾಗಿ ನನಗೆ ಆರು ತಿಂಗಳು ಗ್ಯಾಸು ಇತ್ತು. ರಾತ್ರಿ ಮೂರಕ್ಕೆ ಸರಿಯಾಗಿ ಎಬ್ಬಿಸುವ ಗ್ಯಾಸು. ಎದ್ದು ಬಂದು ಪಡಸಾಲೆಯಲ್ಲಿ ಅಪ್ಪನ ಖಾಲಿ ಮಂಚ ನೋಡುತ್ತ ಕೂರಿಸುವ ಗ್ಯಾಸು. ಬಾಯಿಗಿಟ್ಟ ಅನ್ನ ಮಣ್ಣಾಗುವ ಗ್ಯಾಸು. ಮೆಡಿಕಲ್ ಶಾಪಿನ ಹುಡುಗ ನಾನು ರಸ್ತೆಯ ಆಚೆ ಕಂಡರೇ ಮಾತ್ರೆಯ ಸ್ಟ್ರಿಪ್ಪು ಕತ್ತರಿಸಿ ಇಡುತ್ತಿದ್ದ. ಕೊನೆಗೆ ರಾಯಚೂರಿಗೆ ಹೋಗಿ ಗಂಟಲೊಳಗೆ ಪೈಪು ಇಳಿಸಿ ನೋಡಿಸಿದ್ದಾಯಿತು. ಹೊಟ್ಟೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಂಬಿಗೆಯ ಹಾಗೆ ಲಕಲಕ ಇತ್ತು. ಡಾಕ್ಟರು ರಿಪೋರ್ಟನ್ನು ಎರಡು ಸಲ ತಿರುವಿ ಹಾಕಿ, ಕಾಂಪೌಂಡರನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಹೇಳಿದರು: "ಒಂದ್ಸಲ ಮನೋವೈದ್ಯರಿಗೆ ತೋರಿಸಿಬಿಡ್ರಿ." ನನಗಿಂತ ಮೊದಲು ಒಳಗೆ ಹೋದವರಿಗೆ ಇದೇ ಡಾಕ್ಟರು ಕರುಳಿನಲ್ಲಿ ಗಡ್ಡೆ ಇದೆ ಅಂತ ಬಾಗಿಲು ತೆರೆದಿಟ್ಟುಕೊಂಡೇ ಹೇಳಿದ್ದರು, ಹೊರಗೆ ಕೂತ ನಮಗೆಲ್ಲ ಕೇಳಿಸಿತ್ತು.

ಮನೆಗೆ ಬಂದು, "ಖಾರ ಕಡಿಮಿ ಮಾಡು ಅಂದ್ರು" ಅಂದೆ. ಹೆಂಡತಿ ಒಂದು ವಾರ ಸಪ್ಪೆ ಸಾರು ಮಾಡಿದಳು.

ಇದು ಶುರುವಾದದ್ದು ಹೇಗೆಂದು ಹೇಳಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಅದೇ ವಾರ ನಮ್ಮಪ್ಪ ಹೋದರು. ನಾನು ಹಿರೇಮಗ. "ನೀನೇ ಅತ್ರ ನಿಮ್ಮವ್ವನ್ನ ಹಿಡಿಯೋರ್ಯಾರೋ ತಮ್ಮಾ, ಧೈರ್ಯ ತಗೋ" ಅಂತ ಬೆಳಿಗ್ಗೆಯೇ ಅಪ್ಪಣೆಯಾಗಿತ್ತು. ತಗೊಂಡೆ. ಶಾಮಿಯಾನದವನ ಜತೆ ಚೌಕಾಸಿ ಮಾಡಿದೆ, ಕುರ್ಚಿ ಎಣಿಸಿದೆ, ದೂರದಿಂದ ಬಂದವರಿಗೆ ಚಾ ಹೋಯಿತೋ ಇಲ್ಲವೋ ನೋಡಿದೆ. ಯಾರೋ ನೋಡಿದ್ದರೆ ಲಗ್ನದ ಮನೆ ಅನ್ನಬೇಕು, ಅಷ್ಟು ಚೊಕ್ಕ ನಡೆಸಿದೆ.

ಮಣ್ಣಿಗೆ ಬಂದ ಗಂಡಸರೆಲ್ಲ ಬೇವಿನ ಗಿಡದ ಕೆಳಗೆ ಕೂತಿದ್ದರು. ಸತ್ತವರ ಬಗ್ಗೆ ಒಂದು ಮಾತಾಡಬೇಕು, ಯಾರ ಬಾಯಿಗೂ ಮಾತಿಲ್ಲ. ಒಬ್ಬರು ಕೆಮ್ಮಿದರು. ಒಬ್ಬರು ಕಡ್ಡಿಯಿಂದ ನೆಲ ಗೀಚಿದರು. ಆಮೇಲೆ ನಮ್ಮ ಸೋದರಮಾವ ಅಂದರು: "ಗೇಟು ಹೋತಲ್ಲಪ್ಪೋ."

ಅಲ್ಲಿಗೆ ಎಲ್ಲರ ಬಾಯಿ ಬಿಚ್ಚಿತು. ಎಡದಂಡೆ ಕಾಲುವೆ ನಂಬಿ ಸಸಿ ಹಚ್ಚಿದವರು ಒಬ್ಬೊಬ್ಬರಾಗಿ ಗೋಳು ತೋಡಿಕೊಂಡರು. "ಎಪ್ಪತ್ತು ವರ್ಷ ಗಟ್ಟಿ ನಿಂತಿತ್ತು. ಯಾರಿಗೂ ಒಂದು ಮಾತು ಹೇಳಲಿಲ್ಲ, ರಾತೋರಾತ್ರಿ ಹೋತು" ಅಂದರು ಮಾವ, ದನಿ ನಡುಗಿತು. ನಮ್ಮಪ್ಪನಿಗೂ ಎಪ್ಪತ್ತೊಂದು. ನನ್ನ ಕಣ್ಣು ತುಂಬಿದ್ದನ್ನು ನೋಡಿ ಪಕ್ಕದವರೊಬ್ಬರು ಹೆಗಲ ಮೇಲೆ ಕೈ ಇಟ್ಟು ಸಮಾಧಾನ ಮಾಡಿದರು: "ಅಳಬ್ಯಾಡೋ, ಸ್ಟಾಪ್ ಲಾಗ್ ಹಾಕ್ತಾರಂತ."

ಹಾಕಿಯೂ ಬಿಟ್ಟರು. ಮಂತ್ರಿಗಳು ಓಡಿದರು, ತಜ್ಞರು ಬಂದರು, ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಉಕ್ಕಿನ ತಡೆ ಇಳಿಸಿ ನದಿ ನಿಲ್ಲಿಸಿದರು. ಚೈನು ಹಳೆಯದಾಗಿತ್ತು, ಭಾರ ತಡೆಯಲಿಲ್ಲ ಅಂತ ಎಲ್ಲರಿಗೂ ಅರ್ಥವಾಯಿತು. ಗೇಟು ನಾಟಕ ಮಾಡ್ತದ ಅಂತ ಯಾರೂ ಅನ್ನಲಿಲ್ಲ.

ಬೇನಾಮಿ ವ್ಯವಹಾರದಲ್ಲಿ ನಮ್ಮ ಕಡೆಯವರದು ಪಳಗಿದ ಕೈ. 1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಬಂದಾಗ ಹೊಲವನ್ನು ಆಳಿನ ಹೆಸರಿಗೆ, ದೂರದ ನೆಂಟರ ಹೆಸರಿಗೆ, ದೇವರ ಹೆಸರಿಗೆ ಬರೆಸಿಟ್ಟು ಉಂಡ ಧಣಿಗಳ ಕತೆ ಊರೂರಲ್ಲಿ ಇದೆ. ಗಂಡಸರ ದುಃಖದ್ದೂ ಅದೇ ಲೆಕ್ಕ. ಅನುಭೋಗದಲ್ಲಿ ಇವನೇ ಇರುತ್ತಾನೆ, ಪಹಣಿಯಲ್ಲಿ ಮಾತ್ರ ಬೇರೆಯವರ ಹೆಸರು. ನಾನು ಅಪ್ಪನ ದುಃಖವನ್ನು 19ನೇ ಗೇಟಿನ ಹೆಸರಿಗೆ ಬರೆದೆ. ನನ್ನ ಅಜ್ಜ ಇದಕ್ಕಿಂತ ದೊಡ್ಡ ಹೆಸರಿಗೆ ಬರೆಸಿದ್ದ.

ರಾಯಚೂರು ಜಿಲ್ಲೆಯ ಮೊಹರಂ ನೋಡಿದವರಿಗೆ ವಿವರಿಸಬೇಕಿಲ್ಲ. ಮುದಗಲ್ಲಿನದು ದೊಡ್ಡ ಹೆಸರು. ಆದರೆ ಮಾನ್ವಿ, ದೇವದುರ್ಗದ ಸಣ್ಣ ಸಣ್ಣ ಹಳ್ಳಿಗಳಲ್ಲೂ ಅಲಾಯಿ ಕುಣಿ ತೋಡುತ್ತಾರೆ, ದೇವರು ಕೂಡಿಸುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲಿ ಗೌಡರು, ನಾಯಕರು, ಕುರುಬರು ಎಲ್ಲ ಸೇರಿ ಮಾಡುತ್ತಾರೆ. ಕತ್ತಲರಾತ್ರಿಯಂದು ಕನ್ನಡದ ರಿವಾಯತ್ ಪದ ಎತ್ತಿದರೆಂದರೆ ಹಸೇನ-ಹುಸೇನರ ಹೆಸರಲ್ಲಿ ಮೀಸೆ ಹೊತ್ತ ಗಂಡಸರು ಎದೆ ಬಡಿದುಕೊಂಡು ಅಳುತ್ತಾರೆ. ಯಾರೂ ನಗುವುದಿಲ್ಲ. ಯಾರೂ "ಯಾಕಲೇ, ಹೆಂಗಸಿನಂಗ?" ಅನ್ನುವುದಿಲ್ಲ. ನಾನು ಏಳೆಂಟು ವರ್ಷದವನಿದ್ದಾಗ ನಮ್ಮಜ್ಜ ಅಲಾಯಿ ಕುಣಿಯ ಅಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತದ್ದನ್ನು ನೋಡಿ ಹೆದರಿದ್ದೆ. ಹುಸೇನಪ್ಪನ ಮೇಲೆ ಅಜ್ಜನಿಗೆ ಎಷ್ಟು ಭಕ್ತಿ ಅಂದುಕೊಂಡಿದ್ದೆ. ಬಹಳ ವರ್ಷಗಳ ಮೇಲೆ ಅಜ್ಜಿ ಹೇಳಿದಳು: ಆ ವರ್ಷ ಸುಗ್ಗಿಯಲ್ಲಿ ಅಜ್ಜನ ಕಿರಿ ಮಗ ತೀರಿಕೊಂಡಿದ್ದ. ಮಣ್ಣಿನ ದಿನ ಅಜ್ಜ ಹನಿ ಕಣ್ಣೀರು ಹಾಕಿರಲಿಲ್ಲವಂತೆ. ಊರವರು ಭೇಷ್ ಅಂದಿದ್ದರಂತೆ. ಮಗನಿಗಾಗಿ ಅಳಲು ಅವನು ಮೊಹರಂ ಬರುವ ತನಕ ಕಾದಿದ್ದ. ಕರ್ಬಲಾ ನಡೆದದ್ದು ಕ್ರಿ.ಶ. 680ರಲ್ಲಿ. ಹೋದ ಸುಗ್ಗಿಯ ದುಃಖ ಇಳಿಸಿಕೊಳ್ಳಲು ನಮ್ಮ ಗಂಡಸು ಸಾವಿರದ ಮುನ್ನೂರು ವರ್ಷ ಹಿಂದೆ ಹೋಗಿ ಬರಬೇಕು. ಬಸ್ ಚಾರ್ಜು ಇಲ್ಲ ಎಂಬುದೊಂದೇ ಅನುಕೂಲ.

ಆ ಅನುಕೂಲವೂ ಈಗ ಕಡಿಮೆಯಾಗುತ್ತಿದೆ. ಈಗಿನ ಹುಡುಗರು ಅಲಾಯಿ ಹೆಜ್ಜೆಗೆ ಡಿಜೆ ಹಚ್ಚುತ್ತಾರೆ. ಡಿಜೆಗೆ ಕುಣಿಯಬಹುದು, ಅಳಲಾಗದು.

ಹೊಟ್ಟೆನೋವನ್ನು ನೆವ ಮಾಡಿಕೊಳ್ಳುವ ಶಾಸ್ತ್ರಕ್ಕಂತೂ ಮಾನ್ವಿಯೇ ಮೂಲಪೀಠ. ನಮ್ಮೂರ ಜಗನ್ನಾಥದಾಸರು ದಾಸರಾಗುವ ಮೊದಲು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರಾಗಿದ್ದರು. ಹದಿನೆಂಟನೇ ಶತಮಾನದ ಮಾತು. ಚೀಕಲಪರ್ವಿಯ ವಿಜಯದಾಸರು ಮಾನ್ವಿಗೆ ಬಂದು ಪ್ರಸಾದಕ್ಕೆ ಕರೆದರೆ, ಕನ್ನಡದಲ್ಲಿ ಪದ ಹಾಡುವವರ ಪಂಕ್ತಿಯಲ್ಲಿ ಕೂರುವುದೇ ಎಂಬ ಗರ್ವದಿಂದ ಆಚಾರ್ಯರು "ಹೊಟ್ಟೆನೋವು" ಅಂತ ಹೇಳಿ ಕಳಿಸಿದರಂತೆ. ಹೇಳಿದ್ದೇ ತಡ, ಸುಳ್ಳು ನೋವು ನಿಜ ನೋವಾಗಿ ಹಿಡಿಯಿತು. ಯಾವ ಔಷಧಕ್ಕೂ ಬಗ್ಗಲಿಲ್ಲ. ಕೊನೆಗೆ ಯಾರನ್ನು ತಾತ್ಸಾರ ಮಾಡಿದ್ದರೋ ಅವರ ಹತ್ತಿರವೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಳ್ಳಬೇಕಾಯಿತು. ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಅವರು ಜೋಳದ ಭಕ್ಕರಿ ಕೊಟ್ಟು, ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಧಾರೆ ಎರೆದರು ಎನ್ನುತ್ತದೆ ಐತಿಹ್ಯ. ಮುಂದೆ ಅದೇ ರೋಗಿ 'ಹರಿಕಥಾಮೃತಸಾರ' ಬರೆದರು.

ಭಕ್ತರು ಇದನ್ನು ಭಕ್ತಿಯಿಂದ ಓದಲಿ, ನಾನೂ ಓದುತ್ತೇನೆ. ಆದರೆ ನನ್ನಂಥ ಗ್ಯಾಸಿನವನಿಗೆ ಬೇರೆಯದೂ ಕಾಣುತ್ತದೆ. ಮಾನ್ವಿಯಲ್ಲಿ ತೊಂದರೆ ಹುಟ್ಟಿತು, ಒಬ್ಬರು ಇನ್ನೊಬ್ಬರಿಗೆ ರೆಫರ್ ಮಾಡಿದರು, ದೇವದುರ್ಗದ ಕಡೆಯವರು ಗುಣ ಮಾಡಿದರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇನ್ನೂ ಇನ್ನೂರು ವರ್ಷ ದೂರವಿದ್ದಾಗ ರಾಯಚೂರು ಜಿಲ್ಲೆಯಲ್ಲಿ ಅದು ಒಮ್ಮೆ ಸರಿಯಾಗಿ ನಡೆದಿತ್ತು. ಆಚಾರ್ಯರ ನೆವವನ್ನು ಊರಿಗೂರೇ ಕಲಿತುಕೊಂಡಿತು, ಆಮೇಲಿನ ಅರ್ಧ ಕತೆಯನ್ನು ಮಾತ್ರ ಭಜನೆಗೆ ಬಿಟ್ಟುಕೊಟ್ಟಿತು.

ಗಂಡಸರಿಗೆ ನಮ್ಮಲ್ಲಿ ಆಪ್ತಸಮಾಲೋಚನೆ ಸಿಗುವುದಿಲ್ಲ ಎಂಬುದು ಅಪಪ್ರಚಾರ. ಸಂಜೆ ಏಳರ ಮೇಲೆ ಊರಿನ ಯಾವ ಬಾರಿಗೆ ಬೇಕಾದರೂ ಹೋಗಿ ನೋಡಿ. ಎರಡನೇ ಕ್ವಾರ್ಟರಿಗೆ ಮೊದಲು ಹತ್ತಿ ರೇಟು, ಭತ್ತದ ರೇಟು, ರಾಜಕೀಯ. ಎರಡನೆಯದು ಒಡೆದ ಮೇಲೆ, "ನನ್ನ ಮಗ ನನ್ನ ಕೂಡ ಮಾತಾಡಿ ಒಂದು ವರ್ಷ ಆತಲೇ." ಎದುರಿಗೆ ಕೂತವನು ಪರಿಣತ, ಅವನೂ ಕುಡಿದಿರುತ್ತಾನೆ. ತಬ್ಬಿಕೊಳ್ಳುತ್ತಾನೆ, ಹೆಗಲು ಒದ್ದೆ ಮಾಡಿಸಿಕೊಳ್ಳುತ್ತಾನೆ, ಶೇಂಗಾ ತಿನ್ನಿಸುತ್ತಾನೆ. ಗೌಪ್ಯತೆಯಂತೂ ನೂರಕ್ಕೆ ನೂರು, ಬೆಳಿಗ್ಗೆ ಇಬ್ಬರಿಗೂ ನೆನಪಿರುವುದಿಲ್ಲ. ಯಾರಾದರೂ ನೋಡಿದ್ದರೂ ಚಿಂತೆಯಿಲ್ಲ. "ಅವನಲ್ಲ ಅತ್ತದ್ದು, ಎಣ್ಣಿ" ಅಂದರೆ ಮುಗಿಯಿತು. ದುಃಖ ಅಬಕಾರಿ ಇಲಾಖೆಯ ಹೆಸರಿಗೆ ವರ್ಗಾವಣೆಯಾಗುತ್ತದೆ, ಸರ್ಕಾರಕ್ಕೆ ಸುಂಕವೂ ಬರುತ್ತದೆ. ಈ ಚಿಕಿತ್ಸೆಯ ಫಲಿತಾಂಶ ನಿಮ್ಹಾನ್ಸ್‌ನವರ ಹತ್ತಿರ ಇದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದಾಗ ಹೆಂಗಸರಲ್ಲಿ ಶೇ. 7.5ರಷ್ಟು ಜನರಿಗೆ ತೊಂದರೆ ಕಂಡರೆ ಗಂಡಸರಲ್ಲಿ ಶೇ. 13.9ರಷ್ಟು ಜನರಿಗೆ ಕಂಡಿತು, ಕುಡಿತದ್ದೂ ಸೇರಿ. ಕುಡಿತ ಕಾಯಿಲೆಯಾದವರಲ್ಲಿ ಶೇ. 86ರಷ್ಟು ಜನ ಚಿಕಿತ್ಸೆಯ ದಿಕ್ಕಿಗೇ ತಲೆಹಾಕಿರಲಿಲ್ಲ. ಯಾಕೆ ಹಾಕುತ್ತಾರೆ, ಅವರ ಪಾಲಿಗೆ ಅದೇ ಚಿಕಿತ್ಸೆ.

ಕುಡಿಯದವರಿಗೆ ಸಿಟ್ಟು ಇದೆ. ಗಂಡಸಿಗೆ ಲೈಸೆನ್ಸ್ ಇಲ್ಲದೆ ಸಿಗುವ ಸರಕು ಅದೊಂದೇ. ನಾನು ಕುಡಿಯುವವನಲ್ಲ. ಹಾಗಾಗಿ ಒಂದು ರಾತ್ರಿ ಸಪ್ಪೆ ಸಾರಿನ ತಟ್ಟೆಯನ್ನು ಗೋಡೆಗೆ ಎಸೆದೆ. ಎಂಟು ವರ್ಷದ ಮಗಳು ಸದ್ದಿಲ್ಲದೆ ಎದ್ದು ಹೋಗಿ ತನ್ನ ತಟ್ಟೆಯನ್ನು ಮಂಚದ ಕೆಳಗೆ ಬಚ್ಚಿಟ್ಟು ಬಂದಳು. ಅದರ ಬಗ್ಗೆ ತಮಾಷೆಯಾಗಿ ಬರೆಯಲು ಎರಡು ಸಲ ಕೂತೆ, ಆಗಲಿಲ್ಲ.

ನೆಂಟರ ಚಿಕಿತ್ಸೆಯದು ಇನ್ನೊಂದು ಬಗೆ. "ಬಾಳ ಯೋಚನಿ ಮಾಡಬ್ಯಾಡ" ಅನ್ನುವುದು ಮೊದಲ ಡೋಸು. ಜ್ವರ ಬಂದವನಿಗೆ ಬಿಸಿ ಆಗಬ್ಯಾಡ ಅಂದ ಹಾಗೆ. ಎರಡನೆಯದು, ಮಂತ್ರಾಲಯಕ್ಕೆ ಹೋಗಿ ಎರಡು ದಿನ ಇದ್ದು ಬಾ. ಮೂರನೆಯದು ಅಂತ್ರ. ಲಗ್ನ ಆಗದವನಿದ್ದರೆ ನಾಲ್ಕನೆಯದು ಲಗ್ನ: ಒಬ್ಬನಿಗೆ ಇದ್ದ ರೋಗವನ್ನು ಇಬ್ಬರಿಗೆ ಹಂಚಿದರೆ ಅರ್ಧ ಆಗುತ್ತದೆ ಎಂಬ ಗಣಿತ. ವಾಟ್ಸಾಪಿನಲ್ಲಿ ಒಬ್ಬ ಷಡ್ಡಕ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಜತೆ "ನಗುತ್ತಿರಿ" ಅಂತ ಕಳಿಸುತ್ತಿದ್ದ. ಆಮೇಲೆ ತಿಳಿಯಿತು, ಅವನಿಗೂ ರಾತ್ರಿ ನಿದ್ದೆ ಇಲ್ಲ. ಮೂರು ಗಂಟೆಗೆ ಎದ್ದು ಗುಲಾಬಿ ಹುಡುಕುತ್ತಾನೆ.

ಎತ್ತಿಗೆ ಈ ಕಷ್ಟವಿಲ್ಲ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಮುಂಗಾರು ಹಬ್ಬ ಆಗುತ್ತದೆ, ಮುನ್ನೂರು ಕಾಪು ಸಮಾಜದವರು ನಡೆಸುತ್ತಾರೆ. ಟನ್ನುಗಟ್ಟಲೆ ತೂಕದ ಕಲ್ಲನ್ನು ಎತ್ತಿನ ಜೋಡಿಗಳು ಎಳೆಯುತ್ತವೆ, ಪೈಲ್ವಾನರು ಕುಸ್ತಿ ಹಿಡಿಯುತ್ತಾರೆ. ಹೋದ ಸಲ ಒಂದು ಎತ್ತು ಹಿಂದಿನ ದಿನ ಮೇವು ಮುಟ್ಟಲಿಲ್ಲವೆಂದು ಯಜಮಾನರು ತಳಮಳಿಸಿದ್ದನ್ನು ಕಣ್ಣಾರೆ ಕಂಡೆ. "ಏನಾತೋ ನನ್ನಪ್ಪ, ಯಾರು ಏನಂದ್ರೋ?" ಅಂತ ಗಂಗೆದೊಗಲು ಸವರುತ್ತ ಕೇಳಿದರು. ಪಶುವೈದ್ಯರು ಬಂದರು. ಅದರ ಜೋಡಿ ಎತ್ತನ್ನು ಬೇರೆ ಕಡೆ ಕಟ್ಟಿದ್ದಕ್ಕೆ ಮನಸಿಗೆ ಹಚ್ಚಿಕೊಂಡಿದೆ ಅಂತ ತೀರ್ಮಾನವಾಗಿ, ಎರಡನ್ನೂ ಒಟ್ಟಿಗೆ ಕಟ್ಟಿದರು. ಆ ಯಜಮಾನರಿಗೆ ಒಬ್ಬ ಮಗನಿದ್ದಾನೆ, ಎರಡು ಸಲ ಪಿಎಸ್ಐ ಪರೀಕ್ಷೆ ಬರೆದು ಮೂರು ತಿಂಗಳಿಂದ ಕೋಣೆ ಬಿಟ್ಟು ಬರದ ಹುಡುಗ. ಅವನ ಬಗ್ಗೆ ಕೇಳಿದರೆ, "ಮೈಯಾಗ ಸೊಕ್ಕು ಜಾಸ್ತಿ ಆಗ್ಯಾದ" ಅಂದರು.

ಪೇಪರಿನಲ್ಲಿ ನಾಲ್ಕು ಸಾಲಿನ ಸುದ್ದಿಗಳನ್ನು ನಾವು ಓದಿ ಓದಿ ಬಾಯಿಪಾಠ ಮಾಡಿಕೊಂಡಿದ್ದೇವೆ: ಹೊಟ್ಟೆನೋವು ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು. ಊರ ಹೆಸರು, ವಯಸ್ಸು ಬದಲಾಗುತ್ತವೆ, ಹೊಟ್ಟೆ ಮಾತ್ರ ಅದೇ. ದೂರು ಬರೆಸುವ ಮನೆಯವರಿಗೂ ಅದೇ ಸಲೀಸು, ಬರೆದುಕೊಳ್ಳುವ ರೈಟರನಿಗೂ ಸಲೀಸು. ಸತ್ತ ಮೇಲೂ ಗಂಡಸಿನ ಮರ್ಯಾದೆ ಹೋಗಬಾರದು ನೋಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ತಾವಾಗಿ ಜೀವ ಕಳೆದುಕೊಂಡವರು 1,70,924 ಜನ. ಅವರಲ್ಲಿ ಗಂಡಸರು 1,22,724. ಧೈರ್ಯ ತಗೊಂಡವರು. ಹೆಂಗಸರು ಅತ್ತರೆ ಮನೆಯವರು ಕೂತು ಕೇಳುತ್ತಾರೆ ಅಂತ ಇದರ ಅರ್ಥವಲ್ಲ. ಅವರ ಅಳು ಟಿವಿ ಸೀರಿಯಲ್ಲಿನ ಸದ್ದಿನ ಹಾಗೆ ನಮಗೆ ರೂಢಿಯಾಗಿದೆ, ಅಷ್ಟೆ.

ರೈತನಾಗಿ ಸತ್ತರೆ ದುಃಖಕ್ಕೆ ದಾಖಲೆ ಬೇಕು. ಪರಿಹಾರ 2015ರಿಂದ 5 ಲಕ್ಷ. ಉಪವಿಭಾಗಾಧಿಕಾರಿಗಳ ಸಮಿತಿ ಕೂತು, ಪಹಣಿ, ಪಾಸ್‌ಬುಕ್ಕು, ಬ್ಯಾಂಕಿನ ನೋಟೀಸು ನೋಡಿ, ಈತ ಸಾಲದಿಂದಲೇ ಸತ್ತನೋ ಅಲ್ಲವೋ ಎಂದು ತೀರ್ಪು ಕೊಡುತ್ತದೆ. ಬಡ್ಡಿ ಸಾವ್ಕಾರನ ಹತ್ತಿರ ಬಾಯಿಮಾತಿನ ಮೇಲೆ ತಂದ ಸಾಲಕ್ಕೆ ಕಾಗದ ಇರುವುದಿಲ್ಲ. ಮಗಳ ಮುಖ ನೋಡಲಾಗದೆ ಹೊಲದಲ್ಲೇ ಮಲಗಿದ ರಾತ್ರಿಗಳಿಗೂ ಇರುವುದಿಲ್ಲ. ಬದುಕಿದ್ದಾಗ ಯಾರೂ ಕೇಳದ "ಯಾಕಪ್ಪಾ?" ಎಂಬ ಪ್ರಶ್ನೆಯನ್ನು ಸತ್ತ ಮೇಲೆ ಮೂರು ಪ್ರತಿಗಳಲ್ಲಿ ಕೇಳುವ ಏರ್ಪಾಡು ಮಾತ್ರ ಪಕ್ಕಾ ಇದೆ.

ಬೆಂಗಳೂರಿನಲ್ಲಿ ಕಾಲ ಬೇರೆ ಇದೆ. ಅಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಹಬ್ಬಕ್ಕೆ ಬಂದವನು ಊಟದ ನಡುವೆ, "ನಮ್ಮ ಥೆರಪಿಸ್ಟ್ ಹೇಳ್ತಾರೆ..." ಅಂತ ಮಾತು ಶುರು ಮಾಡಿದ. ಅಲ್ಲಿ ಅದೂ ಜಿಮ್ಮಿನ ಹಾಗೆ. ಯಾರ ಥೆರಪಿಸ್ಟ್ ಒಳ್ಳೆಯವರು ಅಂತ ಗಂಡು ಹುಡುಗರೂ ಚರ್ಚೆ ಮಾಡುತ್ತಾರಂತೆ. ನಮ್ಮ ಸೋದರಮಾವ ಗಾಬರಿಯಾಗಿ, "ಥೆರಪಿ? ಸೊಂಟಕ್ಕೆ ಏನಾಗ್ಯಾದೋ ನಿನಗ?" ಅಂದರು. ಅವರಿಗೆ ಗೊತ್ತಿರುವ ಥೆರಪಿ ಎಂದರೆ ಬೆನ್ನಿಗೆ ಕರೆಂಟು ಹಿಡಿಯುವುದು. ಹುಡುಗ ವಿವರಿಸಿದ: ವಾರಕ್ಕೊಮ್ಮೆ ಹೋಗಿ ಒಂದು ತಾಸು ಮಾತಾಡುವುದು, ಅವರು ಕೇಳುವುದು. "ಅದಕ್ಕ ರೊಕ್ಕಾ?" ಅಂದರು ಮಾವ. ಎಷ್ಟೆಂದು ಹುಡುಗ ಹೇಳಿದಾಗ ಮಾವನ ಎದೆ ಹಿಡಿದುಕೊಂಡಿತು. ದೇವದುರ್ಗದಿಂದ ಗುಳೆ ಹೋಗಿ ಅದೇ ಬೆಂಗಳೂರಿನಲ್ಲಿ ಕಲ್ಲು-ಮಣ್ಣು ಹೊರುವವರಿಗೆ ನಿಮ್ಹಾನ್ಸ್ ಅನ್ನುವುದು ಬಸ್ ಸ್ಟಾಪು. ಸ್ಟಾಪಿನಲ್ಲಿ ದಿನಾ ಇಳಿಯುತ್ತಾರೆ, ಗೇಟಿನೊಳಗೆ ಹೋದರೆಂದು ಊರಲ್ಲಿ ತಿಳಿದರೆ ಮನೆತನಕ್ಕೇ ಹೆಣ್ಣು ಸಿಗುವುದಿಲ್ಲ. ಒಂದೇ ಮಾತು, ಕೋರಮಂಗಲದಲ್ಲಿ ಆಡಿದರೆ ಥೆರಪಿ, ಕೊಪ್ಪರದಲ್ಲಿ ಆಡಿದರೆ "ತಲಿ ಕೆಟ್ಟದ."

ಹಾಗಂತ ಸರ್ಕಾರ ನಮ್ಮನ್ನು ಮರೆತಿದೆ ಅನ್ನುವಂತಿಲ್ಲ. ಹಳ್ಳಿಯ ಆಸ್ಪತ್ರೆಯ ಸಾಮಾನ್ಯ ಡಾಕ್ಟರಿಗೇ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿದರೆ ಸಾಕು, ದೊಡ್ಡ ಊರಿಗೆ ಅಲೆಯಬೇಕಿಲ್ಲ ಎಂಬುದನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದೇ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಆ ಮಾದರಿ ಹಿಡಿದೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ತುಂಗಭದ್ರೆಯ ಆಚೆ ದಡದಲ್ಲಿ ಹುಟ್ಟಿ ದೇಶವೆಲ್ಲ ಸುತ್ತಿದ ಈ ವಿದ್ಯೆ ನಾಚಿಕೆ ಎಂಬ ಹೊಳೆ ದಾಟಿ ಈಚೆ ದಡಕ್ಕೆ ಬರಲು ಮಾತ್ರ ತಿಣುಕಾಡುತ್ತಿದೆ. ಈಗ 'ಮನೋಚೈತನ್ಯ'ದಡಿ ಮಂಗಳವಾರ ಮನೋವೈದ್ಯರು ತಾಲೂಕಾಸ್ಪತ್ರೆಗೇ ಬರುವ ಏರ್ಪಾಡಿದೆ. ಆದರೆ ತಾಲೂಕಾಸ್ಪತ್ರೆಯಲ್ಲಿ ಚೀಟಿ ಬರೆಯುವವನು ನಮ್ಮ ಓಣಿಯವನು. ಅದಕ್ಕೆ ಮಾನ್ವಿಯವನು ರಾಯಚೂರಿಗೆ ಹೋಗುತ್ತಾನೆ. ರಾಯಚೂರಿನವನು ಹೈದರಾಬಾದಿಗೆ ಹೋಗುತ್ತಾನೆ. ಹೈದರಾಬಾದಿನವನು ಎಲ್ಲಿಗೆ ಹೋಗುತ್ತಾನೋ, ಮಾನ್ವಿಗೇ ಬಂದರೂ ಬರಬಹುದು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಫ್ರೀ. ಗಂಡಸು ತನ್ನ ನಾಚಿಕೆಗೆ ಪೂರ್ತಿ ಟಿಕೆಟ್ ತೆಗೆಸಬೇಕು.

ನಗೆಬರಹಗಾರರ ಕುಲದಲ್ಲಿ ಹುಟ್ಟಿ ನಾನು ಇಷ್ಟು ಅಂಜಬಾರದಿತ್ತು. 'ಕೊರವಂಜಿ' ಪತ್ರಿಕೆ ನಡೆಸಿದ ರಾಶಿಯವರು, ಡಾಕ್ಟರ್ ಎಂ. ಶಿವರಾಂ, ಕಾಲು ಶತಮಾನ ಕನ್ನಡಿಗರನ್ನು ನಗಿಸಿದರು. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಅವರಿಗೆ ಪ್ರಶಸ್ತಿ ಕೊಟ್ಟದ್ದು ನಗೆಗಲ್ಲ, ಮನಸ್ಸಿನ ಬೇನೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ. ಆ ಪುಸ್ತಕ ನನ್ನ ಕಪಾಟಿನಲ್ಲಿ ಇಪ್ಪತ್ತು ವರ್ಷದಿಂದ ಇದೆ. ನೆಂಟರು ಬಂದಾಗ ಬೆನ್ನು ಒಳಗೆ ಮಾಡಿ ಇಡುತ್ತಿದ್ದೆ.

ಕೊನೆಗೆ ದಾರಿ ತೆಗೆದದ್ದು ಹೆಂಡತಿ. "ನಿಮ್ಮ ಹೊಟ್ಟಿಗೆ ಮಾತು ಬರ್ತಿದ್ರ ಎಂದೋ ಆರಾಮ ಆಗ್ತಿತ್ತು" ಅಂದಳು. ನನ್ನ ಫೋನು ಕಸಿದು 14416 ಎಂಬ ನಂಬರು ತುಂಬಿದಳು. ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ಇದೆ, ಹಗಲು ರಾತ್ರಿ ಬಿಟ್ಟಿ ಸೇವೆ, ಕನ್ನಡದಲ್ಲಿ ಮಾತಾಡುತ್ತಾರೆ. ಯಾರಾದರೂ ನೋಡಿದರೆ ಅಂತ ನಂಬರಿಗೆ 'ಗ್ಯಾಸ್ ಏಜೆನ್ಸಿ' ಅಂತ ಹೆಸರು ಕೊಟ್ಟಳು. ಅವಳಿಗೆ ನನ್ನ ಕಾಯಿಲೆಯ ಪೂರ್ತಿ ಪರಿಚಯವಿತ್ತು.

ಒಂದು ರಾತ್ರಿ ಮೂರಕ್ಕೆ ಮಾಳಿಗೆ ಹತ್ತಿ ಹೋಗಿ ಗ್ಯಾಸ್ ಏಜೆನ್ಸಿಗೆ ಹಚ್ಚಿದೆ. ಒಬ್ಬ ಹೆಣ್ಣುಮಗಳು ಎತ್ತಿದರು.

"ನಮ್ಮ ದೋಸ್ತ್ ಒಬ್ಬಾವ ಅದಾನ್ರಿ ಮೇಡಂ. ಅವಂಗ ನಿದ್ದಿ ಬರವಲ್ದು" ಅಂದೆ.

"ಎಷ್ಟು ದಿನದಿಂದ?"

"ಅವರಪ್ಪ ತೀರಿಕೊಂಡಾಗಿಂದ್ರಿ."

"ನಿಮ್ಮ ದೋಸ್ತ್ ಈಗ ಎಲ್ಲಿದ್ದಾರೆ?"

"ಇಲ್ಲೇ, ನನ್ನ ಬಾಜೂಕ ಕುಂತಾನ್ರಿ."

"ಅವರ ಕೈಗೇ ಫೋನ್ ಕೊಡ್ತೀರಾ?"

ಈ ಪ್ರಶ್ನೆಗೆ ನಾನು ತಯಾರಿ ಮಾಡಿಕೊಂಡಿರಲಿಲ್ಲ. "ತಡೀರಿ, ಕೊಡ್ತೀನಿ" ಅಂದೆ. ಫೋನನ್ನು ಬಲಗಿವಿಯಿಂದ ಎಡಗಿವಿಗೆ ಕೊಟ್ಟೆ. ದನಿ ಸ್ವಲ್ಪ ದಪ್ಪ ಮಾಡಿಕೊಂಡು, "ಹೇಳ್ರಿ ಮೇಡಂ" ಅಂದೆ.

"ನೀವು ಹೇಳಿ" ಅಂದರು ಆಕೆ. ನಗಲಿಲ್ಲ. ಅವತ್ತು ಆ ದೋಸ್ತ್ ನಲವತ್ತು ನಿಮಿಷ ಮಾತಾಡಿದ.

ಅವರು ಹೇಳಿದ ಮೇಲೆಯೇ ನಾನು ರಾಯಚೂರಿನ ಒಂದು ಆಸ್ಪತ್ರೆಗೆ ಹೋದದ್ದು. ಮೇ ತಿಂಗಳ ಬಿಸಿಲು, ಅದರಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡರೆ ಯಾರೂ ಸಂಶಯ ಪಡುವುದಿಲ್ಲ. ನಮ್ಮ ಜಿಲ್ಲೆಯ ಸೆಕೆಯಿಂದ ಆದ ಉಪಕಾರ ಇದೊಂದು. ಮನೋವೈದ್ಯಕೀಯ ವಿಭಾಗ ಎಂಬ ಬೋರ್ಡಿನ ಕೆಳಗಿನ ಬೆಂಚಿಗೆ ಹೋಗಿ ಕೂತೆ. ಪಕ್ಕದಲ್ಲಿ ಇನ್ನೊಂದು ಟವೆಲ್ಲು ಕೂತಿತ್ತು. ಟವೆಲ್ಲಿನ ಅಂಚಿನಿಂದ ಒಂದು ಮೀಸೆ ಹೊರಗೆ ಬಂದಿತ್ತು. ಆ ಮೀಸೆ ಮಾನ್ವಿಯಲ್ಲಿ ಎಲ್ಲರಿಗೂ ಗೊತ್ತು.

"ಏನ್ ಗೌಡ್ರ, ಇಲ್ಲಿ?"

ರೈಸ್ ಮಿಲ್ಲಿನ ಗೌಡರು ಬೆಚ್ಚಿಬಿದ್ದರು. "ಬಿಪಿ ತೋರಿಸಾಕ ಬಂದಿದ್ದೆ ತಮ್ಮಾ. ಆ ಕಡಿ ಬಾಳ ಗದ್ಲ. ಇಲ್ಲಿ ಫ್ಯಾನಿನ ಗಾಳಿ ಚಲೋ ಬರ್ತದಂತ ಕುಂತೀನಿ. ನೀ ಏನು ಈ ಕಡಿ?"

"ನಮ್ಮ ಅಳಿಯಂದು ನರ್ಸಿಂಗ್ ಅಡ್ಮಿಷನ್ ವಿಚಾರಸಾಕ ಬಂದೀನ್ರಿ."

"ಚಲೋ, ಚಲೋ. ನರ್ಸಿಂಗಿಗೆ ಒಳ್ಳೆ ಡಿಮ್ಯಾಂಡ್ ಅದ."

ಇಬ್ಬರೂ ಮೇಲೆ ನೋಡಿದೆವು. ಫ್ಯಾನು ನಿಂತಿತ್ತು. ಇಬ್ಬರೂ ಕೈಯಲ್ಲಿದ್ದ ಚೀಟಿಯನ್ನು ಮಗ್ಗುಲಾಗಿ ಹಿಡಿದೆವು. ಅವರದು 17, ನನ್ನದು 18.

ಒಳಗಿನಿಂದ ಸಿಸ್ಟರು ಬಂದು "ಹದಿನೇಳು" ಅಂದರು. ಗೌಡರು ಗೋಡೆ ನೋಡಿದರು. ಮತ್ತೆ "ಹದಿನೇಳು" ಅಂದರು.

"ಪಾಪ, ಯಾರಿರಬೇಕು" ಅಂದರು ಗೌಡರು.

"ಯಾರೋ ಏನೋರಿ" ಅಂದೆ.

ಮೂರನೇ ಸಲ ಕೂಗಿದಾಗ ಗೌಡರು ಎದ್ದು, "ಬಿಪಿ ಒಳಗ ನೋಡ್ತಾರೇನೋ ಕೇಳಿ ಬರ್ತೀನಿ" ಅಂತ ಹೋದರು. ಮುಕ್ಕಾಲು ತಾಸಾದರೂ ಕೇಳುತ್ತಲೇ ಇದ್ದರು. ಹೊರಗೆ ಬಂದಾಗ ಮೀಸೆ ಒದ್ದೆಯಾಗಿತ್ತು.

ನನ್ನ ಸರದಿಯಲ್ಲಿ ಡಾಕ್ಟರಮ್ಮನಿಗೆ ಹತ್ತು ನಿಮಿಷ ಹೊಟ್ಟೆಯ ವರದಿ ಒಪ್ಪಿಸಿದೆ. ಪೂರ್ತಿ ಕೇಳಿ, "ಅಪ್ಪ ಹೋದಾಗ ಅತ್ತಿದ್ರಾ?" ಅಂದರು.

"ಗೇಟಿಗೆ ಅತ್ತಿದ್ದೆರಿ" ಅಂದೆ.

"ಯಾವ ಗೇಟು?"

"ಹತ್ತೊಂಬತ್ತು."

ಆಕೆ ಪೆನ್ನು ಕೆಳಗಿಟ್ಟರು. ಮುಂದಿನದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲ ಮುಗಿದ ಮೇಲೆ, ಸದ್ಯ ಮಾತ್ರೆ ಬೇಡ, ವಾರಕ್ಕೊಮ್ಮೆ ಬಂದು ಹೀಗೇ ಮಾತಾಡಿ ಹೋಗಿ ಅಂದರು. ನನಗೆ ಕೆಡುಕೆನಿಸಿತು. ಅಷ್ಟು ದೂರ ಬಸ್ ಚಾರ್ಜು ಕೊಟ್ಟು ಬಂದು ಬರಿ ಮಾತೇ? "ಒಂದು ಸಲಾಯಿನ್ ಆದ್ರೂ ಹಚ್ಚಿಬಿಡ್ರಿ ಮೇಡಂ" ಅಂದೆ.

ವಾಪಸು ಬರುವ ಬಸ್ಸಿನಲ್ಲಿ ಗೌಡರ ಪಕ್ಕದ ಸೀಟೇ ಖಾಲಿ ಇತ್ತು. ಟವೆಲ್ಲು ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಊರು ದಾಟಿದ ಮೇಲೂ ಇಬ್ಬರೂ ಮಾತಾಡಲಿಲ್ಲ. ಕಪಗಲ್ ಬಂದಾಗ ಗೌಡರು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು:

"ಅಡ್ಮಿಷನ್ ಆತೇನು?"

"ಇನ್ನಾ ಇಲ್ರಿ. ಮುಂದಿನ ಮಂಗಳವಾರ ಮತ್ತ ಬಾ ಅಂದಾರ. ನಿಮ್ಮ ಬಿಪಿ?"

"ಅದೂ ಒಂದ ಸಲಕ್ಕ ಇಳಿಯಂಗಿಲ್ಲಂತ." ಸ್ವಲ್ಪ ಹೊತ್ತು ಬಿಟ್ಟು ಅಂದರು, "ಎಂಟೂವರಿ ಬಸ್ಸಿಗೆ ಬಾ. ನಿನಗೂ ಒಂದು ಸೀಟು ಹಿಡಿದಿರ್ತೀನಿ."